ಮೆಜೆಸ್ಟಿಕ್‌ನ ನೆಲದಡಿಯ ಮೆಟ್ರೋ: ಕಲಬುರಗಿ ಕಡೆಯಿಂದ ಬರುವವರಿಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿಯಿಂದ ರಾತ್ರಿಯಿಡೀ ಕುಳಿತು ನಸುಕಿಗೆ ಬೆಂಗಳೂರಲ್ಲಿ ಇಳಿಯುವವರ ಕೆಲಸ ಬಹುತೇಕ ನಾಲ್ಕೈದು ಬಗೆಯದ್ದು. ಆಸ್ಪತ್ರೆ, ಪರೀಕ್ಷೆ, ಸರ್ಕಾರಿ ಕಚೇರಿ, ಗೌಂಡಿ ಕೆಲಸ, ಇಲ್ಲವೇ ಅಲ್ಲಿ ನೌಕರಿಯಲ್ಲಿರುವ ಮಕ್ಕಳ ಮನೆ. ಬಸ್ಸಿನಿಂದಲೋ ರೈಲಿನಿಂದಲೋ ಇಳಿದ ಕೂಡಲೇ ಆಟೋದವರು ಮುತ್ತಿಕೊಳ್ಳುತ್ತಾರೆ. ಅಲ್ಲೇ ಕಾಲಕೆಳಗೆ ಮೆಟ್ರೋ ಇದೆ, ಕಡಿಮೆ ದುಡ್ಡಿನಲ್ಲಿ, ಟ್ರಾಫಿಕ್ಕಿನ ಕಾಟವಿಲ್ಲದೆ ಊರಿನ ಆ ತುದಿಗೆ ಮುಟ್ಟಿಸುತ್ತದೆ. ಆದರೂ ನಮ್ಮ ಕಡೆಯ ಎಷ್ಟೋ ಮಂದಿ, ಅದರಲ್ಲೂ ವಯಸ್ಸಾದವರು, ಒಳಗೆ ಇಳಿಯಲು ಹಿಂಜರಿಯುತ್ತಾರೆ. ಒಮ್ಮೆ ಇಳಿದು ಹಾದಿ ತಪ್ಪಿದವರಂತೂ ಎರಡನೇ ಸಲ ಆ ಕಡೆ ಮುಖ ಮಾಡುವುದಿಲ್ಲ.

ಹಾದಿ ತಪ್ಪುವುದಕ್ಕೆ ಕಾರಣ ದಡ್ಡತನವಲ್ಲ. ನಾವು ಊರಲ್ಲಿ ದಿಕ್ಕು ಹಿಡಿಯುವುದೇ ಕಣ್ಣಿಗೆ ಕಾಣುವ ಗುರುತಿನಿಂದ: ಜಗತ್ ಸರ್ಕಲ್ ದಾಟಿ, ಸೂಪರ್ ಮಾರ್ಕೆಟ್ ಹಿಂದೆ, ಶರಣಬಸವೇಶ್ವರ ಗುಡಿಯ ಈ ಕಡೆ. ಹೊತ್ತು ಯಾವ ಕಡೆ ಮೂಡಿದೆ ಎನ್ನುವುದೂ ಒಂದು ಗುರುತು. ನೆಲದಡಿಯ ನಿಲ್ದಾಣದಲ್ಲಿ ಬಿಸಿಲಿಲ್ಲ, ಗುಡಿಯಿಲ್ಲ, ಎತ್ತ ತಿರುಗಿದರೂ ಒಂದೇ ಬಗೆಯ ಗೋಡೆ, ಒಂದೇ ಬಗೆಯ ದೀಪ. ಅಲ್ಲಿ ದಿಕ್ಕು ಹೇಳುವುದು ಹೆಸರು ಮಾತ್ರ. ಆದ್ದರಿಂದ ಇಳಿಯುವ ಮುಂಚೆ ಮೂರು ಹೆಸರು ಚೀಟಿಯಲ್ಲಿ ಬರೆದುಕೊಳ್ಳಿ:

1. ನೀವು ಇಳಿಯಬೇಕಾದ ನಿಲ್ದಾಣ.
2. ಆ ರೈಲು ಹೋಗಿ ನಿಲ್ಲುವ ಕೊನೆಯ ನಿಲ್ದಾಣ. ಫಲಕಗಳ ಮೇಲೆ ದೊಡ್ಡದಾಗಿ ಇರುವುದು ಇದೇ ಹೆಸರು.
3. ಇಳಿದ ಮೇಲೆ ಹೊರಗೆ ಬರಬೇಕಾದ ಕಡೆ: ಆಸ್ಪತ್ರೆ, ರಸ್ತೆ ಅಥವಾ ಬಸ್ ನಿಲ್ದಾಣದ ಹೆಸರು.

ಈ ಬರಹದ ಉಳಿದ ಭಾಗವೆಲ್ಲ ಈ ಮೂರು ಹೆಸರನ್ನು ಕೈಬಿಡದೆ ಹೋಗಿ ಬರುವ ವಿಧಾನ.

ಮನೆಯಲ್ಲೇ ಮಾಡಿಕೊಳ್ಳಬೇಕಾದ ತಯಾರಿ

ಮೊದಲು ಗಂಟು. ಮೆಟ್ರೋದಲ್ಲಿ ಒಬ್ಬರು ಒಯ್ಯಬಹುದಾದ ಸಾಮಾನಿಗೆ ಮಿತಿ ಇದೆ: 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 25 ಸೆಂ.ಮೀ. ದಪ್ಪ, ತೂಕ 15 ಕಿಲೋ. ಟೇಪ್ ಇಲ್ಲದಿದ್ದರೆ ಗೇಣಿನಿಂದ ಅಳೆಯಿರಿ. ದೊಡ್ಡವರ ಗೇಣು ಹೆಚ್ಚುಕಡಿಮೆ 22 ಸೆಂ.ಮೀ. ಇರುತ್ತದೆ, ಎರಡೂವರೆ ಗೇಣು ಉದ್ದ, ಎರಡು ಗೇಣು ಅಗಲ, ಒಂದು ಗೇಣು ದಪ್ಪದ ಬ್ಯಾಗಾದರೆ ನಿಶ್ಚಿಂತೆ. ಅದಕ್ಕಿಂತ ದೊಡ್ಡ ಸೂಟ್‌ಕೇಸಿಗೆ ಪ್ರತ್ಯೇಕ ಶುಲ್ಕ ಕೇಳುತ್ತಾರೆ. ತೂಕಕ್ಕೆ ಕಿರಾಣಿ ಅಂಗಡಿಯ ತಕ್ಕಡಿ ಸಾಕು. ಮನೆಯಲ್ಲಿ ಮನುಷ್ಯರ ತೂಕ ನೋಡುವ ಯಂತ್ರವಿದ್ದರೆ ಬ್ಯಾಗು ಹೊತ್ತು ಒಮ್ಮೆ, ಇಳಿಸಿ ಒಮ್ಮೆ ನಿಲ್ಲಿ, ವ್ಯತ್ಯಾಸವೇ ಬ್ಯಾಗಿನ ತೂಕ. ಮಗಳ ಮನೆಗೆ ಒಯ್ಯುವ ತೊಗರಿ ಬೇಳೆ ಹತ್ತು ಕಿಲೋ ಇದ್ದರೆ ತೊಂದರೆಯಿಲ್ಲ. 25 ಕಿಲೋ ಚೀಲವನ್ನು ಒಂದೇ ಗಂಟು ಮಾಡಿ ತಂದರೆ ಬಾಗಿಲಲ್ಲೇ ತಡೆಯುತ್ತಾರೆ.

ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಖಾರಬ್ಯಾಳಿ ಒಯ್ಯಲು ಅಡ್ಡಿಯಿಲ್ಲ. ಆದರೆ ರೈಲಿನೊಳಗೆ ಗಂಟು ಬಿಚ್ಚಿ ತಿನ್ನುವಂತಿಲ್ಲ. ಎಣ್ಣೆಗಾಯಿ, ಉಪ್ಪಿನಕಾಯಿ ಡಬ್ಬಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ನೆಟ್ಟಗೆ ನಿಲ್ಲುವಂತೆ ಇಡಿ. ಸ್ಕ್ಯಾನರ್‌ನ ಪಟ್ಟಿಯ ಮೇಲೆ ಚೀಲಗಳು ಅಡ್ಡ ಬೀಳುತ್ತವೆ, ಡಬ್ಬಿ ಸೋರುವುದು ಅಲ್ಲೇ. ಕುಡಗೋಲು, ಕೊಡಲಿ, ಈಳಿಗೆ, ಸೀಮೆಎಣ್ಣೆ, ಪೆಟ್ರೋಲು, ಗ್ಯಾಸ್ ಸಿಲಿಂಡರ್, ಪಟಾಕಿ ಯಾವುದೂ ಒಳಗೆ ಬರುವುದಿಲ್ಲ. ಗೌಂಡಿ ಕೆಲಸಕ್ಕೆ ಹೋಗುವವರು ಕರಣಿ, ಸುತ್ತಿಗೆ, ಹಾರೆ, ಸಲಿಕೆ ಕಟ್ಟಿಕೊಂಡಿದ್ದರೆ ಮೆಟ್ರೋ ಬಿಟ್ಟು ಸಿಟಿ ಬಸ್ಸೇ ಹಿಡಿಯುವುದು ಲೇಸು. ಚೆಕಿಂಗ್‌ನಲ್ಲಿ ನಿಲ್ಲಿಸಿದರೆ ಹೊತ್ತೂ ಹಾಳು, ಬೇಜಾರೂ ಬೇರೆ.

ಎರಡನೆಯದು ದುಡ್ಡು. ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು: 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಸರ್ಕಾರಿ ಬಸ್ಸುಗಳಿಗೆ ಮಾತ್ರ. ಕಲ್ಯಾಣ ಕರ್ನಾಟಕ ಸಾರಿಗೆಯ ಸಾದಾ ಬಸ್ಸಿನಲ್ಲಿ ಆಧಾರ್ ತೋರಿಸಿ ಬಂದಿರುತ್ತೀರಿ, ಬೆಂಗಳೂರಿನ ಸಾದಾ ಸಿಟಿ ಬಸ್ಸಿನಲ್ಲೂ ಅದು ನಡೆಯುತ್ತದೆ, ಮೆಟ್ರೋದಲ್ಲಿ ನಡೆಯುವುದಿಲ್ಲ. 2025ರ ಫೆಬ್ರುವರಿಯಲ್ಲಿ ಪರಿಷ್ಕರಿಸಿದ ದರದಂತೆ ಕನಿಷ್ಠ 10 ರೂಪಾಯಿ, ಗರಿಷ್ಠ 90 ರೂಪಾಯಿ. ಹತ್ತರ, ಇಪ್ಪತ್ತರ ನೋಟು ನಾಲ್ಕಾರು ಇಟ್ಟುಕೊಳ್ಳಿ; ನಸುಕಿನಲ್ಲಿ ಐನೂರರ ನೋಟಿಗೆ ಚಿಲ್ಲರೆ ಸಿಗುವುದು ಕಷ್ಟ. ಮೂರು ಅಡಿಗಿಂತ ಕಡಿಮೆ ಎತ್ತರದ ಮಗುವಿಗೆ ದೊಡ್ಡವರ ಜೊತೆಗಿದ್ದರೆ ಟಿಕೆಟ್ ಬೇಡ.

ಮೂರನೆಯದು ಚೀಟಿ. ಮೇಲೆ ಹೇಳಿದ ಮೂರು ಹೆಸರಿನ ಕೆಳಗೆ ಒಂದು ಮೊಬೈಲ್ ನಂಬರ್ ಬರೆದು, ಗುಂಪಿನಲ್ಲಿರುವ ಪ್ರತಿಯೊಬ್ಬರ ಕಿಸೆಯಲ್ಲೂ ಒಂದೊಂದು ಇಡಿ. ನಂಬರು ಮೊಬೈಲಿನಲ್ಲೇ ಇದೆಯಲ್ಲ ಎನ್ನಬೇಡಿ. ರಾತ್ರಿ ಪ್ರಯಾಣದ ನಂತರ ಮೊದಲು ಕೈಕೊಡುವುದು ಮೊಬೈಲಿನ ಚಾರ್ಜು.

ಎಲ್ಲಿ ಇಳಿಯುತ್ತೀರಿ, ಎಲ್ಲಿಂದ ಕೆಳಗೆ ಹೋಗುತ್ತೀರಿ

ಉದ್ಯಾನ್, ಕರ್ನಾಟಕ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಬಂದವರು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿಯುತ್ತಾರೆ. ಇಲ್ಲಿಗೆ ಎರಡು ಮೆಟ್ರೋ ನಿಲ್ದಾಣ ಹತ್ತಿರ, ಹೆಚ್ಚಿನವರಿಗೆ ಗೊತ್ತಿರುವುದು ಒಂದೇ. ಒಂದನೇ ಪ್ಲಾಟ್‌ಫಾರಂ ಕಡೆ, ಅಂದರೆ ಮುಂಬಾಗಿಲಿನಿಂದ ಹೊರಬಿದ್ದರೆ ರಸ್ತೆಯಾಚೆ ಕೆಂಪೇಗೌಡ ಬಸ್ ನಿಲ್ದಾಣ, ಅದಕ್ಕೆ ಅಂಟಿಕೊಂಡೇ ಮೆಜೆಸ್ಟಿಕ್ ಮೆಟ್ರೋ. ಹಿಂಬದಿಯಲ್ಲಿ, ಹತ್ತನೇ ಪ್ಲಾಟ್‌ಫಾರಂ ಕಡೆ, ರೈಲು ನಿಲ್ದಾಣದ ಹೆಸರಿನದೇ ಇನ್ನೊಂದು ಮೆಟ್ರೋ ನಿಲ್ದಾಣವಿದೆ, ಅಲ್ಲಿಗೆ ಮೇಲ್ಸೇತುವೆಯೂ ಇದೆ. ವಿಜಯನಗರದ ಕೋಚಿಂಗ್ ಕ್ಲಾಸಿಗೆ ಹೋಗುವ ಹುಡುಗರು ಈ ಹಿಂಬದಿಯ ನಿಲ್ದಾಣವನ್ನೇ ಹಿಡಿಯಲಿ. ಸಣ್ಣ ನಿಲ್ದಾಣ, ನೇರಳೆ ಮಾರ್ಗ ಒಂದೇ (ಮೆಟ್ರೋ ಮಾರ್ಗಗಳನ್ನು ಬಣ್ಣದ ಹೆಸರಿನಿಂದ ಕರೆಯುತ್ತಾರೆ), ಗೊಂದಲವಿಲ್ಲ. ಹಸಿರು ಮಾರ್ಗದ ಕಡೆ ಹೋಗುವವರು ಮಾತ್ರ ಮೆಜೆಸ್ಟಿಕ್‌ಗೇ ಬರಬೇಕು.

ಬಸ್ಸಿನಲ್ಲಿ ಬಂದವರಿಗೆ ಮೆಜೆಸ್ಟಿಕ್ಕೇ ಹತ್ತಿರ. ಬಸ್ಸು ತುಮಕೂರು ರಸ್ತೆಯಿಂದ ಊರೊಳಗೆ ಬರುವುದಾದರೆ, ಯಶವಂತಪುರದ ಸುತ್ತ ಕೆಲಸವಿದ್ದವರು ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ ಬಳಿಯೇ ಇಳಿದು ಹಸಿರು ಮಾರ್ಗ ಹಿಡಿಯಬಹುದು.

ಕಲಬುರಗಿಯಿಂದ ವಂದೇ ಭಾರತ್‌ನಲ್ಲಿ ಬಂದವರು ಇಳಿಯುವುದು ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ. ಇಲ್ಲಿ ಹೆಸರಿನ ಬಲೆ ಒಂದಿದೆ. ಮೆಟ್ರೋ ನಕ್ಷೆಯಲ್ಲಿ ‘ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು’ ಎಂದು ಇರುವುದು ಊರ ನಡುವೆ, ಮೆಜೆಸ್ಟಿಕ್‌ನ ಪಕ್ಕದಲ್ಲಿ. ವಾಪಸ್ ವಂದೇ ಭಾರತ್ ಹಿಡಿಯಲು ಹೊರಟವರು ಅದೇ ಟರ್ಮಿನಲ್ ಎಂದುಕೊಂಡು ಅಲ್ಲಿ ಇಳಿದರೆ ರೈಲು ತಪ್ಪುತ್ತದೆ. ಟರ್ಮಿನಲ್‌ಗೆ ಹತ್ತಿರ ಬೈಯಪ್ಪನಹಳ್ಳಿ ಕಡೆಯ ಮೆಟ್ರೋ. ಅಲ್ಲಿಂದಲೂ ಆಟೋ ಅಥವಾ ಬಸ್ಸು ಬೇಕು, ಗಂಟು ಹೊತ್ತು ನಡೆಯುವಷ್ಟು ಹತ್ತಿರವಲ್ಲ.

ಹೊತ್ತಿನ ಲೆಕ್ಕ: ವಾರದ ದಿನ ಮೆಟ್ರೋ ಬೆಳಗ್ಗೆ 5ಕ್ಕೆ ಶುರು. 2025ರ ಜನವರಿಯಿಂದ ಸೋಮವಾರ ಮಾತ್ರ ತುದಿ ನಿಲ್ದಾಣಗಳಿಂದ 4.15ಕ್ಕೇ ಹೊರಡುತ್ತದೆ, ಊರಿಂದ ಮರಳುವವರಿಗೆಂದೇ. ಭಾನುವಾರ 7ಕ್ಕೆ. ಭಾನುವಾರ ಬೆಳಗ್ಗೆ ಪರೀಕ್ಷೆಗೆ ಬರುವವರು ಇದನ್ನು ಮರೆತರೆ ಮುಚ್ಚಿದ ಶಟರ್ ಮುಂದೆ ಎರಡು ತಾಸು ಕೂರಬೇಕಾಗುತ್ತದೆ. ಪರೀಕ್ಷಾ ಕೇಂದ್ರ ದೂರವಿದ್ದರೆ ಆ ದಿನ ಬಸ್ಸನ್ನೇ ನೆಚ್ಚಿಕೊಳ್ಳಿ. ಬೆಳಗ್ಗೆ 8ರಿಂದ 11, ಸಂಜೆ 5ರಿಂದ 8 ಕಿಕ್ಕಿರಿದ ಹೊತ್ತು. ದೊಡ್ಡ ಗಂಟು, ಆಪರೇಷನ್ ಆದ ಪೇಶೆಂಟು ಜೊತೆಗಿದ್ದರೆ ಆ ಹೊತ್ತು ತಪ್ಪಿಸಿ.

ಒಳಗೆ: ಸ್ಕ್ಯಾನರ್, ಟೋಕನ್, ಗೇಟು

ಪಾವಟಿಗೆ ಇಳಿದ ಕೂಡಲೇ ಸಿಗುವುದು ಪ್ಲಾಟ್‌ಫಾರಂ ಅಲ್ಲ, ಟಿಕೆಟ್ ಕೊಡುವ ಅಂಗಳ. ಚೀಲಗಳನ್ನು ಸ್ಕ್ಯಾನರ್ ಪಟ್ಟಿಯ ಮೇಲೆ ಇಟ್ಟು, ನೀವು ಪಕ್ಕದ ಬಾಗಿಲಿನಿಂದ ಹಾಯಬೇಕು. ಇಬ್ಬರಿದ್ದರೆ ಒಬ್ಬರು ಮೊದಲು ದಾಟಿ ಆ ಕಡೆ ನಿಲ್ಲಲಿ, ಇನ್ನೊಬ್ಬರು ಚೀಲ ಇಟ್ಟು ಬರಲಿ. ಒಂದೇ ಬಣ್ಣದ ಬ್ಯಾಗುಗಳು ಅದಲುಬದಲಾಗುವುದು ಇಲ್ಲಿಯೇ; ಹಿಡಿಕೆಗೆ ಒಂದು ತುಂಡು ಬಟ್ಟೆ ಕಟ್ಟಿದರೆ ದೂರದಿಂದಲೇ ಗುರುತು ಸಿಗುತ್ತದೆ.

ಟಿಕೆಟ್ ಕೌಂಟರಿನಲ್ಲಿ ನಿಲ್ದಾಣದ ಹೆಸರು, ಎಷ್ಟು ಜನ ಎನ್ನುವುದು ಎರಡೇ ಹೇಳಿದರೆ ಸಾಕು: ‘ಮಾರ್ಕೆಟ್, ಮೂರು.’ ನಮ್ಮ ಮಾತಿನ ಧಾಟಿಗೆ ಸಂಕೋಚ ಬೇಡ. ‘ಸರ್, ಚಿಕ್ಕಪ್ಯಾಟಿ ಕಡಿ ಹೋಗೂದು ಯಾ ಕಡಿಂದ್ರಿ?’ ಎಂದರೆ ಅಲ್ಲಿಯವರಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಹೋದ ಕೆಲಸ ದೊಡ್ಡದು, ಕೇಳಿ ಹೋಗುವುದರಲ್ಲಿ ಸಣ್ಣತನವೇನಿಲ್ಲ. ವಾಟ್ಸ್‌ಆ್ಯಪ್ ಬಳಸುವವರು 8105556677 ನಂಬರಿಗೆ ‘Hi’ ಎಂದು ಕಳಿಸಿ, ಕನ್ನಡ ಆಯ್ಕೆ ಹಿಡಿದು ಕ್ಯೂಆರ್ ಟಿಕೆಟ್ ಪಡೆಯಬಹುದು. ಅದನ್ನು ಮೇಲಿರುವಾಗಲೇ ತೆಗೆದುಕೊಂಡು ಪರದೆಯ ಮೇಲೆ ತೆರೆದಿಡಿ. ನೆಲದಡಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರಡು ದಿನಕ್ಕೆ ಬಂದುಹೋಗುವವರಿಗೆ ಸ್ಮಾರ್ಟ್ ಕಾರ್ಡ್ ಬೇಡ. ಅದರಲ್ಲಿ 5% ರಿಯಾಯಿತಿ ಸಿಗುವುದು ನಿಜ, ಆದರೆ ಕಾರ್ಡಿನ ಬೆಲೆ ಹುಟ್ಟಲು ಹತ್ತಾರು ಸಲ ಓಡಾಡಬೇಕು.

ಟೋಕನ್ ಎಂದರೆ ರೂಪಾಯಿ ಬಿಲ್ಲೆಯಂಥ ದುಂಡನೆಯ ಪ್ಲಾಸ್ಟಿಕ್. ಯಾವ ನಿಲ್ದಾಣಕ್ಕೆ ಎಂದು ಇದರ ಮೇಲೆ ಬರೆದಿರುವುದಿಲ್ಲ, ಒಳಗಿನ ಚಿಪ್‌ನಲ್ಲಿ ಎಲ್ಲ ಇದೆ. ಒಳಗೆ ಹೋಗುವಾಗ ಮುಟ್ಟಿಸಬೇಕು, ಹೊರಗೆ ಬರುವಾಗ ಸೀಳಿನಲ್ಲಿ ಹಾಕಬೇಕು. ಒಬ್ಬರಿಗೆ ಒಂದು, ಅವರವರ ಕೈಯಲ್ಲೇ. ಯಜಮಾನರೊಬ್ಬರೇ ಐದೂ ಟೋಕನ್ ಇಟ್ಟುಕೊಂಡರೆ ಗುಂಪು ಚದುರಿದಾಗ ನಾಲ್ವರು ಒಳಗೇ ಸಿಕ್ಕಿಬೀಳುತ್ತಾರೆ. ಕೊಂಡ ದಿನ ಬಳಸದಿದ್ದರೆ ಮರುದಿನ ನಡೆಯುವುದಿಲ್ಲ, ಆದ್ದರಿಂದ ವಾಪಸ್ ಬರುವುದಕ್ಕೂ ಈಗಲೇ ಕೊಳ್ಳಬೇಡಿ.

ಗೇಟಿನಲ್ಲಿ ಆಗುವ ತಪ್ಪುಗಳು ಮೂರು, ಮೂರೂ ಪದೇ ಪದೇ ಕಾಣುತ್ತವೆ. ಟೋಕನ್ ಮುಟ್ಟಿಸುವ ಜಾಗ ನಿಮ್ಮ ಬಲಗೈ ಕಡೆ ಇರುತ್ತದೆ. ಎಡಗೈಯಲ್ಲಿ ಹಿಡಿದು ಎಡಕ್ಕೆ ಮುಟ್ಟಿಸಿದರೆ ಪಕ್ಕದ ಗೇಟು ತೆರೆಯುತ್ತದೆ, ಬೇರೆಯವರು ದಾಟಿಬಿಡುತ್ತಾರೆ. ಎರಡನೆಯದು, ಬಾಗಿಲು ತೆರೆದ ಮೇಲೆ ಹಿಂದೆ ತಿರುಗಿ ‘ಬಾರ ಯವ್ವಾ’ ಎಂದು ಕರೆಯುತ್ತ ನಿಲ್ಲುವುದು. ಕೆಲವೇ ಸೆಕೆಂಡಿನಲ್ಲಿ ಅದು ಮುಚ್ಚಿಕೊಳ್ಳುತ್ತದೆ, ಮತ್ತೆ ಮುಟ್ಟಿಸಿದರೆ ಯಂತ್ರ ಒಪ್ಪುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ನೀವು ಆಗಲೇ ಒಳಗೆ ಹೋಗಿದ್ದೀರಿ. ಹೀಗಾದಾಗ ಗೇಟು ತಳ್ಳದೆ ಪಕ್ಕದಲ್ಲೇ ಇರುವ ಗ್ರಾಹಕ ಸೇವಾ ಕೌಂಟರಿಗೆ ಟೋಕನ್ ಕೊಡಿ, ಸರಿಮಾಡಿ ಕೊಡುತ್ತಾರೆ. ಮೂರನೆಯದು, ದೊಡ್ಡ ಚೀಲವನ್ನು ಮುಂದೆ ಹಿಡಿದು ಹೋಗುವುದು. ಗೇಟಿನ ಪಕ್ಕದ ಸೆನ್ಸರ್‌ಗೆ ಚೀಲ ಒಬ್ಬ, ನೀವು ಇನ್ನೊಬ್ಬ ಎಂದು ಕಾಣಬಹುದು. ಚೀಲ ಮೈಗೆ ಒತ್ತಿ ಹಿಡಿಯಿರಿ, ಅಥವಾ ಗಾಲಿಕುರ್ಚಿಗೆಂದು ಇರುವ ಅಗಲ ಗೇಟಿನಲ್ಲಿ ಹೋಗಿ. ವಯಸ್ಸಾದವರನ್ನು ಮುಂದೆ ಬಿಟ್ಟು ಗಟ್ಟಿಮುಟ್ಟಾದವರು ಕೊನೆಗೆ ದಾಟಬೇಕು.

ಎಸ್ಕಲೇಟರ್: ಅವಸರ ಬೇಡವಾದ ಜಾಗ

ನೆಲದಡಿಯ ನಿಲ್ದಾಣದಲ್ಲಿ ಜನ ಬೀಳುವುದು ಹೆಚ್ಚಾಗಿ ಇಲ್ಲಿ. ಎಸ್ಕಲೇಟರ್ ಶುರುವಾಗುವಲ್ಲಿ ಬಾಚಣಿಗೆಯ ಹಲ್ಲಿನಂಥ ಒಂದು ಲೋಹದ ಪಟ್ಟಿ ಇರುತ್ತದೆ, ಅದರಡಿಯಿಂದ ಪಾವಟಿಗೆಗಳು ಒಂದೊಂದಾಗಿ ಹೊರಬರುತ್ತವೆ. ಸ್ವಲ್ಪ ದೂರ ಅವು ಸಪಾಟಾಗಿ, ಹಾಸುಗಲ್ಲಿನ ಹಾಗೆ ಜಾರುತ್ತವೆ, ಆಮೇಲೆ ಏಳುತ್ತವೆ ಅಥವಾ ಇಳಿಯುತ್ತವೆ. ಕಾಲಿಡಬೇಕಾದ್ದು ಆ ಸಪಾಟು ಭಾಗದಲ್ಲಿ, ಹಳದಿ ಅಂಚಿನ ಒಳಗೆ. ಎರಡು ಪಾವಟಿಗೆ ಕೂಡುವ ಗೆರೆಯ ಮೇಲೆ ಕಾಲಿಟ್ಟರೆ ಅದು ಸೀಳಿ ಒಂದು ಮೇಲೆ, ಒಂದು ಕೆಳಗೆ ಆಗುತ್ತದೆ, ಮುಗ್ಗರಿಸುವುದು ಆಗಲೇ.

ಮೊದಲ ಸಲದವರು ಹೀಗೆ ಮಾಡಿ. ಒಂದು ಕೈ ಖಾಲಿ ಇರಲಿ. ಆ ಕೈಯಿಂದ ಮೊದಲು ಕರಿ ರಬ್ಬರ್ ಹಿಡಿಕೆ ಹಿಡಿಯಿರಿ. ಅದು ಎಳೆಯುವ ವೇಗಕ್ಕೇ ಒಂದು ಕಾಲು ಇಡಿ, ಮರುಕ್ಷಣ ಇನ್ನೊಂದು. ಕಾಲು ನೋಡುತ್ತ ನಿಲ್ಲಬೇಡಿ, ಮುಂದಿನವರ ಬೆನ್ನು ನೋಡಿ. ಇಳಕಲ್ ಸೀರೆಯ ನೆರಿಗೆ, ಧೋತರದ ಅಂಚು ಒಂದು ಬೆರಳಷ್ಟು ಎತ್ತಿ ಹಿಡಿಯಿರಿ. ಬಟ್ಟೆ ಸಿಕ್ಕುವುದು ಎರಡು ಜಾಗದಲ್ಲಿ: ಪಾವಟಿಗೆಗೂ ಪಕ್ಕದ ಗೋಡೆಗೂ ನಡುವಿನ ಸಂದು, ಕೊನೆಯಲ್ಲಿ ಪಾವಟಿಗೆ ಬಾಚಣಿಗೆಯಡಿ ಹೊಕ್ಕುವ ಜಾಗ. ಪಕ್ಕದಲ್ಲಿ ಬ್ರಷ್ಷಿನ ಸಾಲು ಹಾಕಿರುವುದೇ ಕಾಲು ಆ ಕಡೆ ಹೋಗದಿರಲಿ ಎಂದು. ಅದಕ್ಕೆ ಚಪ್ಪಲಿ ಉಜ್ಜುವ ಮಕ್ಕಳನ್ನು ಹಿಡಿದುಕೊಳ್ಳಿ, ಮೆತ್ತನೆಯ ರಬ್ಬರ್ ಚಪ್ಪಲಿಯ ತುದಿ ಬೇಗ ಒಳಗೆ ಸೆಳೆದುಕೊಳ್ಳುತ್ತದೆ. ಮೇಲೆ ಮುಟ್ಟಿದ ಮೇಲೆ ಅಲ್ಲೇ ನಿಂತು ಜೊತೆಯವರಿಗೆ ಕಾಯಬೇಡಿ, ಹಿಂದಿನವರನ್ನು ಯಂತ್ರ ನಿಮ್ಮ ಮೇಲೆ ದೂಡುತ್ತಲೇ ಇರುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲಿ. ಯಾರಾದರೂ ಬಿದ್ದರೆ ಮೇಲಿನ, ಕೆಳಗಿನ ತುದಿಯಲ್ಲಿ ಕೆಂಪು ಗುಂಡಿ ಇರುತ್ತದೆ, ಒತ್ತಿದರೆ ನಿಲ್ಲುತ್ತದೆ.

ಮಂಡಿನೋವಿದ್ದವರು, ಗಾಲಿ ಸೂಟ್‌ಕೇಸ್ ಇದ್ದವರು, ಡಯಾಲಿಸಿಸ್ ಮುಗಿಸಿ ಬಂದವರು ಲಿಫ್ಟ್ ಬಳಸಿ. ಎಲ್ಲ ಬಾಗಿಲಲ್ಲೂ ಲಿಫ್ಟ್ ಇರುವುದಿಲ್ಲ, ರಸ್ತೆಯ ಮೇಲೆಯೇ ಕೇಳಿಕೊಂಡು ಆ ಬಾಗಿಲಿಗೆ ಹೋಗಬೇಕು. ಸಿಬ್ಬಂದಿಗೆ ಹೇಳಿದರೆ ಗಾಲಿಕುರ್ಚಿಯೂ ಸಿಗುತ್ತದೆ.

ಬಣ್ಣ ಮತ್ತು ಕೊನೆಯ ನಿಲ್ದಾಣ

ಮೆಜೆಸ್ಟಿಕ್‌ನಲ್ಲಿ ಎರಡು ಮಾರ್ಗ ಕೂಡುತ್ತವೆ. ನೇರಳೆ ಪೂರ್ವ–ಪಶ್ಚಿಮ, ಹಸಿರು ಉತ್ತರ–ದಕ್ಷಿಣ. ನೇರಳೆಯ ಭಾಗ 2016ರ ಏಪ್ರಿಲ್‌ನಲ್ಲಿ, ಹಸಿರಿನದು 2017ರ ಜೂನ್‌ನಲ್ಲಿ ತೆರೆಯಿತು. ಎರಡರ ಪ್ಲಾಟ್‌ಫಾರಂ ಬೇರೆ ಬೇರೆ ಅಂತಸ್ತಿನಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಗೇಟು ದಾಟಿ ಹೊರಬರಬಾರದು, ಹೊಸ ಟೋಕನ್ನೂ ಬೇಡ. ಒಳಗಿಂದಲೇ ಬಣ್ಣದ ಫಲಕ ಹಿಡಿದು ಅಂತಸ್ತು ಬದಲಿಸಬೇಕು. ಗುಂಪು ಹೋಗುವ ಕಡೆ ಹೋಗುವುದು ಇಲ್ಲಿ ಕೆಲಸ ಮಾಡುವುದಿಲ್ಲ. ಅರ್ಧ ಜನ ಹೊರಗೆ ಹೊರಟಿರುತ್ತಾರೆ.

ನೇರಳೆಯ ಕೊನೆಗಳು ಚಲ್ಲಘಟ್ಟ ಮತ್ತು ವೈಟ್‌ಫೀಲ್ಡ್ (ಕಾಡುಗೋಡಿ). ಹಸಿರಿನ ಕೊನೆಗಳು ಮಾದಾವರ ಮತ್ತು ರೇಷ್ಮೆ ಸಂಸ್ಥೆ. ನಮ್ಮ ಕಡೆಯವರು ಹೆಚ್ಚಾಗಿ ಹೋಗುವ ಜಾಗಗಳಿಗೆ ಮೆಜೆಸ್ಟಿಕ್‌ನಿಂದ ಲೆಕ್ಕ ಹೀಗೆ.

ವಿಧಾನಸೌಧ, ಅದರ ಸುತ್ತಲಿನ ಕಚೇರಿಗಳು: ನೇರಳೆ, ವೈಟ್‌ಫೀಲ್ಡ್ ಕಡೆ, ಎರಡನೇ ನಿಲ್ದಾಣ. ಅದೇ ರೈಲಿನಲ್ಲಿ ಮುಂದೆ ಬಹುದೂರ ಹೋದರೆ ಶ್ರೀ ಸತ್ಯಸಾಯಿ ಆಸ್ಪತ್ರೆ ಹೆಸರಿನದೇ ನಿಲ್ದಾಣ ಸಿಗುತ್ತದೆ.

ವಿಜಯನಗರ: ನೇರಳೆ, ಚಲ್ಲಘಟ್ಟ ಕಡೆ, ನಾಲ್ಕನೆಯದು. ರೈಲು ನಿಲ್ದಾಣ, ಮಾಗಡಿ ರಸ್ತೆ, ಹೊಸಹಳ್ಳಿ ಆದ ಮೇಲೆ.

ವಿಕ್ಟೋರಿಯಾ, ವಾಣಿ ವಿಲಾಸ, ಮಿಂಟೋ ಆಸ್ಪತ್ರೆ: ಹಸಿರು, ರೇಷ್ಮೆ ಸಂಸ್ಥೆ ಕಡೆ, ಚಿಕ್ಕಪೇಟೆ ಆದ ಮೇಲೆ ಎರಡನೆಯದೇ ಕೃಷ್ಣರಾಜೇಂದ್ರ ಮಾರುಕಟ್ಟೆ. ಇದೂ ನೆಲದಡಿಯ ನಿಲ್ದಾಣ.

ಯಶವಂತಪುರ, ಬೀದರ್ ರೈಲು ಹಿಡಿಯುವವರಿಗೆ: ಹಸಿರು, ಮಾದಾವರ ಕಡೆ, ಏಳನೆಯದು. ಅದಕ್ಕಿಂತ ಮೊದಲು ಬರುವುದು ಸ್ಯಾಂಡಲ್ ಸೋಪ್ ಫ್ಯಾಕ್ಟರಿ.

ಜಯದೇವ ಆಸ್ಪತ್ರೆ: ಹಸಿರಿನಲ್ಲಿ ರೇಷ್ಮೆ ಸಂಸ್ಥೆ ಕಡೆ ಏಳನೇ ನಿಲ್ದಾಣ ರಾಷ್ಟ್ರೀಯ ವಿದ್ಯಾಲಯ ರಸ್ತೆ. ಅಲ್ಲಿ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಿಸಿ, ಬೊಮ್ಮಸಂದ್ರ ಕಡೆ ಎರಡನೆಯದು. ಇಲ್ಲಿಯೂ ಹೆಸರಿನ ಬಲೆ ಇದೆ: ಹಸಿರಿನ ಕೊನೆಗೆ ‘ಸಿಲ್ಕ್ ಇನ್‌ಸ್ಟಿಟ್ಯೂಟ್’, ಹಳದಿಯ ನಡುವೆ ‘ಸೆಂಟ್ರಲ್ ಸಿಲ್ಕ್ ಬೋರ್ಡ್’. ಎರಡೂ ರೇಷ್ಮೆಯದೇ, ಜಾಗ ಮಾತ್ರ ಪೂರಾ ಬೇರೆ. ಸಿಲ್ಕ್ ಬೋರ್ಡಿಗೆ ಹೋಗಬೇಕಾದವರು ಬರೀ ‘ಸಿಲ್ಕ್’ ಎಂದು ಕೇಳಿ ಹಸಿರಿನ ಕೊನೆಯವರೆಗೆ ಹೋದರೆ ಕನಕಪುರ ರಸ್ತೆಯಲ್ಲಿ ಇಳಿಯುತ್ತಾರೆ.

ಕಿದ್ವಾಯಿ, ನಿಮ್ಹಾನ್ಸ್‌ಗೆ ಪೇಶೆಂಟ್ ಕರೆದುಕೊಂಡು ಹೋಗುವವರಿಗೆ ಈ ಮಾರ್ಗಗಳು ಬಾಗಿಲಿಗೆ ಮುಟ್ಟಿಸುವುದಿಲ್ಲ. ಮೆಜೆಸ್ಟಿಕ್‌ನಿಂದ ನೇರ ಸಿಟಿ ಬಸ್ಸೇ ಅನುಕೂಲ. ಅರ್ಧ ದಾರಿ ಮೆಟ್ರೋ, ಅರ್ಧ ದಾರಿ ಆಟೋ ಎಂದು ನೋವಿದ್ದವರನ್ನು ನಾಲ್ಕು ಸಲ ಹತ್ತಿಸಿ ಇಳಿಸುವುದು ಬೇಡ.

ಪ್ಲಾಟ್‌ಫಾರಂ, ರೈಲು, ಸುರಂಗ

ಪ್ಲಾಟ್‌ಫಾರಂ ಮೇಲೆ ತೂಗುವ ಫಲಕದಲ್ಲಿ ಕೊನೆಯ ನಿಲ್ದಾಣದ ಹೆಸರು, ಎಷ್ಟು ನಿಮಿಷಕ್ಕೆ ರೈಲು ಎನ್ನುವುದು ಕನ್ನಡದಲ್ಲೇ ಇರುತ್ತದೆ. ಚೀಟಿಯ ಎರಡನೇ ಹೆಸರಿಗೆ ಅದನ್ನು ತಾಳೆ ನೋಡಿ. ಉಬ್ಬು ಗೆರೆಗಳ ಹಳದಿ ಪಟ್ಟಿಯ ಹಿಂದೆಯೇ ನಿಲ್ಲಿ. ಮೆಜೆಸ್ಟಿಕ್ ಪ್ಲಾಟ್‌ಫಾರಂನ ಅಂಚಿಗೆ ಗಾಜಿನ ತಡೆಬಾಗಿಲು ಇಲ್ಲದ್ದರಿಂದ ಈ ಪಟ್ಟಿಯೇ ಕಟ್ಟೆ. ಕೆಳಗೆ ಹಳಿಗಳ ಪಕ್ಕದಲ್ಲಿ ಓಡುವ ಮೂರನೇ ಹಳಿಯಲ್ಲಿ 750 ವೋಲ್ಟ್ ಕರೆಂಟ್ ಇರುತ್ತದೆ, ನಮ್ಮ ಕಡೆಯ ರೈಲಿನ ಹಾಗೆ ತಲೆಯ ಮೇಲಿನ ತಂತಿಯಲ್ಲಿ ಅಲ್ಲ. ಮೊಬೈಲ್ ಬಿತ್ತು, ಚಪ್ಪಲಿ ಬಿತ್ತು ಎಂದು ಯಾರೂ ಇಳಿಯಬಾರದು. ಸಿಬ್ಬಂದಿಗೆ ಹೇಳಿದರೆ ಅವರೇ ತೆಗೆದುಕೊಡುತ್ತಾರೆ. ಮನುಷ್ಯರೇ ಬಿದ್ದರೆ ಪ್ಲಾಟ್‌ಫಾರಂ ಗೋಡೆ ಅಥವಾ ಕಂಬದ ಮೇಲಿನ ತುರ್ತು ಗುಂಡಿ ಒತ್ತಿ, ಕೂಗಿ.

ರೈಲು ಕಾಣುವ ಮುಂಚೆಯೇ ಸುರಂಗದ ಬಾಯಿಂದ ಗಾಳಿ ಬೀಸುತ್ತದೆ. ಮೊದಲು ಕೂದಲು ಅಲ್ಲಾಡುವಷ್ಟು, ಆಮೇಲೆ ಸೆರಗು ಹಾರುವಷ್ಟು. ಇಕ್ಕಟ್ಟಾದ ಕೊಳವೆಯಲ್ಲಿ ರೈಲು ಪಿಚಕಾರಿಯ ದಂಡದ ಹಾಗೆ ಗಾಳಿಯನ್ನು ಮುಂದೆ ದೂಡುತ್ತ ಬರುವುದೇ ಇದಕ್ಕೆ ಕಾರಣ. ಗಾಳಿ ಬಂತೆಂದರೆ ಚೀಟಿ, ಎಕ್ಸ್‌ರೇ, ರಿಪೋರ್ಟಿನ ಹಾಳೆ ಬಿಗಿಯಾಗಿ ಹಿಡಿದುಕೊಳ್ಳಿ, ಮಗುವನ್ನು ಹತ್ತಿರ ಎಳೆದುಕೊಳ್ಳಿ. ಈ ಗಾಳಿಗೆ ಹೊರದಾರಿ ಬೇಕೆಂದೇ ನಿಲ್ದಾಣದ ಸುತ್ತ ರಸ್ತೆಬದಿಯಲ್ಲಿ ಜಾಲರಿ ಹಾಕಿದ ಕಾಂಕ್ರೀಟ್ ಗೂಡುಗಳಿವೆ. ನೆಲದಡಿ ಹಾದಿ ತೋಡಿದವರೆಲ್ಲ ಗಾಳಿಯ ಚಿಂತೆ ಮಾಡಲೇಬೇಕು: ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್, ಅಂದರೆ ಸುರಂಗ ಬಾವಿ, ಮೂರು ಕಿಲೋಮೀಟರಿಗೂ ಉದ್ದ. ಅದಕ್ಕೂ ಮೇಲಿನಿಂದ 21 ಗಾಳಿಕಿಂಡಿ ಬಿಟ್ಟಿದ್ದಾರೆ.

ಆರು ಬೋಗಿಯ ರೈಲಿನಲ್ಲಿ ಮೊದಲನೆಯದು ಹೆಂಗಸರಿಗೆ ಮೀಸಲು. ಬಾಗಿಲು ತೆರೆದಾಗ ಪಕ್ಕಕ್ಕೆ ನಿಂತು ಇಳಿಯುವವರಿಗೆ ದಾರಿ ಬಿಡಿ, ಆಮೇಲೆ ಹತ್ತಿ. ಬಾಗಿಲು ತೆರೆದಿರುವುದು ಅರ್ಧ ನಿಮಿಷವೂ ಇಲ್ಲ. ಪೀಂ ಪೀಂ ಸದ್ದು ಶುರುವಾದ ಮೇಲೆ ಓಡಿ ಹತ್ತಬೇಡಿ, ಚೀಲ ಅಡ್ಡ ಹಾಕಬೇಡಿ. ನಾಲ್ಕೈದು ನಿಮಿಷಕ್ಕೆ ಇನ್ನೊಂದು ಬರುತ್ತದೆ, ನಸುಕಿನಲ್ಲಿ, ರಾತ್ರಿ ಸ್ವಲ್ಪ ಹೆಚ್ಚು ಕಾಯಬೇಕು. ತಂಬಾಕು, ಗುಟ್ಕಾ ಹಾಕಿ ಉಗುಳಿದರೆ ಮೆಟ್ರೋ ಕಾಯ್ದೆಯಡಿ 500 ರೂಪಾಯಿವರೆಗೆ ದಂಡವಿದೆ. ಸಂಬಂಧಿಕರಿಗೆ ಮುಂಚೆಯೇ ಹೇಳಿ ಬಾಯಿ ತೊಳೆಸಿ ಒಳಗೆ ಕರೆತನ್ನಿ.

ರೈಲು ಸುರಂಗದ ನಡುವೆ ನಿಂತರೆ ಬಹುತೇಕ ಮುಂದಿನ ನಿಲ್ದಾಣ ಖಾಲಿಯಾಗಲಿ ಎಂದು ನಿಂತಿರುತ್ತದೆ. ಬಾಗಿಲು ತೆರೆಯಲು ಹೋಗಬೇಡಿ. ಹೊಗೆ, ಬೆಂಕಿ, ಯಾರಿಗಾದರೂ ಎದೆನೋವು ಕಂಡರೆ ಬಾಗಿಲ ಪಕ್ಕದ ಗುಂಡಿ ಒತ್ತಿ ಚಾಲಕರ ಜೊತೆ ಮಾತಾಡಬಹುದು. ಇಳಿದು ನಡೆಯಿರಿ ಎಂದು ಅವರೇ ಹೇಳಿದರೆ, ಅವರು ತೋರಿಸಿದ ಕಡೆಗೇ ಹೋಗಬೇಕು, ಇನ್ನೊಂದು ಕಡೆ ಹತ್ತಿರ ಕಂಡರೂ ಸರಿಯೇ. ಏಕೆಂದರೆ ನಿಲ್ದಾಣಗಳ ತುದಿಯ ದೊಡ್ಡ ಫ್ಯಾನುಗಳು ಒಂದು ಕಡೆಯಿಂದ ಹೊಸ ಗಾಳಿ ದೂಡಿ, ಇನ್ನೊಂದು ಕಡೆಯಿಂದ ಹೊಗೆ ಎಳೆಯುತ್ತವೆ. ಜನರನ್ನು ನಡೆಸುವುದು ಗಾಳಿ ಬರುವ ಕಡೆಗೆ. ತಪ್ಪು ಕಡೆ ಓಡಿದವರು ಹೊಗೆಯ ಜೊತೆಗೇ ಓಡಿದಂತೆ. ನಿಲ್ದಾಣದಲ್ಲೇ ಹೀಗಾದರೆ ಲಿಫ್ಟ್ ಹತ್ತಬೇಡಿ, ಪಾವಟಿಗೆ ಹಿಡಿಯಿರಿ.

ಜೊತೆಯವರು ಅಗಲಿದರೆ

ಬಾಗಿಲು ಮುಚ್ಚಿ ಒಬ್ಬರು ಹೊರಗೆ ಉಳಿಯುವುದು ದೊಡ್ಡ ಗುಂಪಿನಲ್ಲಿ ಆಗಿಯೇ ಆಗುತ್ತದೆ. ಹತ್ತುವ ಮುಂಚೆ ಒಂದು ಕರಾರು ಮಾಡಿಕೊಳ್ಳಿ: ಉಳಿದವರು ನಿಂತ ಜಾಗ ಬಿಟ್ಟು ಅಲ್ಲಾಡಬಾರದು, ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು, ಎದುರು ದಿಕ್ಕಿನ ರೈಲು ಹಿಡಿದು ಮರಳಬೇಕು. ಗೇಟಿನಿಂದ ಹೊರಗೆ ಯಾರೂ ಹೋಗಬಾರದು. ಎರಡೂ ಕಡೆಯವರು ಹುಡುಕಲು ಹೊರಟರೆ ಸುರಂಗದಲ್ಲಿ ಒಬ್ಬರನ್ನೊಬ್ಬರು ದಾಟಿ ಹೋಗುತ್ತೀರಿ. ಕಾಕಾ, ಆಯಿ ಅವರಿಗೆ ಇದನ್ನು ಎರಡು ಸಲ ಹೇಳಿ, ತಿರುಗಿ ಹೇಳಿಸಿ.

ಟೋಕನ್ ಕಳೆದರೆ, ಅಥವಾ ಕೊಂಡಿದ್ದಕ್ಕಿಂತ ಮುಂದಿನ ನಿಲ್ದಾಣಕ್ಕೆ ಹೋಗಿದ್ದರೆ, ಹೊರಗಿನ ಗೇಟು ತೆರೆಯುವುದಿಲ್ಲ. ಒಳಗಡೆಯಿಂದಲೇ ಗ್ರಾಹಕ ಸೇವಾ ಕೌಂಟರಿಗೆ ಹೋಗಿ ವಿಷಯ ಹೇಳಿ. ಹೆಚ್ಚಿಗೆ ಹೋದದ್ದಕ್ಕೆ ವ್ಯತ್ಯಾಸದ ಹಣ, ಕಳೆದದ್ದಕ್ಕೆ ದಂಡವೂ ಕೇಳುತ್ತಾರೆ. ಟಿಕೆಟ್‌ಗೆ ಕಾಲಮಿತಿ ಇರುವುದರಿಂದ ಪ್ಲಾಟ್‌ಫಾರಂ ತಂಪಾಗಿದೆ ಎಂದು ಅಲ್ಲೇ ತಾಸುಗಟ್ಟಲೆ ಕೂರಬೇಡಿ.

ಹೊರಗೆ ಬರುವುದು, ಊರಿಗೆ ಮರಳುವುದು

ಇಳಿದ ಮೇಲೆ ಕಣ್ಣಿಗೆ ಬಿದ್ದ ಪಾವಟಿಗೆ ಹತ್ತಬೇಡಿ. ಗೇಟಿನ ಬಳಿ ಸುತ್ತಲಿನ ಜಾಗದ ನಕ್ಷೆ, ಯಾವ ಅಕ್ಷರದ ಬಾಗಿಲು ಎಲ್ಲಿಗೆ ಎನ್ನುವ ಫಲಕ ಇರುತ್ತದೆ. ಚೀಟಿಯ ಮೂರನೇ ಹೆಸರನ್ನು ಅಲ್ಲಿ ಹುಡುಕಿ, ಅಕ್ಷರ ನೆನಪಿಟ್ಟುಕೊಂಡು ಆಮೇಲೆ ಟೋಕನ್ ಹಾಕಿ. ತಪ್ಪು ಬಾಗಿಲಿನಿಂದ ಮೇಲೆ ಬಂದರೆ ಮಾರುಕಟ್ಟೆಯಂಥ ಕಡೆ ದೊಡ್ಡ ರಸ್ತೆಯ ಆಚೆ ಬೀಳುತ್ತೀರಿ, ಪೇಶೆಂಟ್ ಜೊತೆ ಅದನ್ನು ದಾಟುವುದು ಸುಲಭವಲ್ಲ. ಮೇಲೆ ಬಂದ ಕೂಡಲೇ ಬಾಗಿಲಿನ ಅಕ್ಷರದ ಫೋಟೋ ತೆಗೆದಿಡಿ, ವಾಪಸ್ ಬರುವಾಗ ಅದೇ ಗುರುತು.

ಊರಿಗೆ ಮರಳುವ ದಿನ ರೈಲು ಹೊರಡುವ ಒಂದು ತಾಸು ಮುಂಚೆ ಮೆಜೆಸ್ಟಿಕ್ ಸೇರುವಂತೆ ನೋಡಿಕೊಳ್ಳಿ. ಸಂಜೆಯಾದರೆ ಇನ್ನೂ ಅರ್ಧ ತಾಸು ಸೇರಿಸಿ, ಆ ಹೊತ್ತಿನಲ್ಲಿ ಸ್ಕ್ಯಾನರ್ ಮುಂದಿನ ಸಾಲೇ ಉದ್ದ ಇರುತ್ತದೆ. ರೈಲು ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಮೆಟ್ರೋ ಹತ್ತುವ ಮುಂಚೆಯೇ ಮೊಬೈಲಿನಲ್ಲಿ ನೋಡಿ. ಹತ್ತರ ಆಸುಪಾಸಿನದಾಗಿದ್ದು ನೇರಳೆ ಮಾರ್ಗದಲ್ಲೇ ಬರುತ್ತಿದ್ದರೆ ಮೆಜೆಸ್ಟಿಕ್ ಬಿಟ್ಟು ರೈಲು ನಿಲ್ದಾಣದ ಹೆಸರಿನ ಮೆಟ್ರೋ ನಿಲ್ದಾಣದಲ್ಲಿ ಇಳಿಯಿರಿ. ಒಂದರ ಕಡೆಯದಾದರೆ ಮೆಜೆಸ್ಟಿಕ್‌ನಲ್ಲೇ ಇಳಿದು, ಬಸ್ ನಿಲ್ದಾಣದ ಬದಿಯಿಂದ ಸುರಂಗ ಹಾದಿ ಹಿಡಿದು ಮುಂಬಾಗಿಲಿಗೆ ಹೋಗಿ.